ಸಾಂತಾನ ಹೆಸರಿನಲ್ಲಿ ನಾನು ಹಾಕಿದ ಬೆದರಿಕೆ ಈಗ ದೊಡ್ಡವನ ಬಾಯಲ್ಲಿ

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 8, ರಾತ್ರಿ 10:50

ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಏಳು, ಚಿಕ್ಕವನಿಗೆ ಮಾರ್ಚ್‌ನಲ್ಲಿ ನಾಲ್ಕು ತುಂಬುತ್ತದೆ. ಕ್ರಿಸ್ಮಸ್‌ಗೆಂದು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆದೃಶ್ಯ, ಕಟ್ಟಿ ವಾರವಾಗಿದೆ. ಅಷ್ಟರಲ್ಲೇ ಕತ್ತೆ ಕಾಣೆಯಾಗಿದೆ, ಒಬ್ಬ ಕುರುಬನಿಗೆ ತಲೆಯಿಲ್ಲ, ನಕ್ಷತ್ರದ ದೀಪದ ರಿಮೋಟ್ ಯಾರ ಕೈಯಲ್ಲಿದೆ ಎಂಬುದರ ಮೇಲೆ ದಿನಕ್ಕೆ ಹತ್ತು ಜಗಳ. ಇದನ್ನೆಲ್ಲ ತೋಡಿಕೊಳ್ಳಲು ನಾನು ಬಂದಿಲ್ಲ, ಇದು ಅಭ್ಯಾಸವಾಗಿದೆ.

ಇವತ್ತು ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಕೋಣೆಯಿಂದ ದೊಡ್ಡವನ ದನಿ ಕೇಳಿಸಿತು: "ಅಳು ನಿಲ್ಲಿಸುತ್ತೀಯೋ ಇಲ್ಲವೋ? ಸಾಂತಾ ತಾತ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ನಿನ್ನ ಆಟಿಕೆಗಳನ್ನೂ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ನನಗೇನು!" ಚಿಕ್ಕವನ ಅಳು ಕತ್ತರಿಸಿದ ಹಾಗೆ ನಿಂತುಹೋಯಿತು.

ಚೀಲದ ವಿಷಯ ಅವನ ಸ್ವಂತ ಸೇರ್ಪಡೆ. ಉಳಿದದ್ದೆಲ್ಲ ನನ್ನದು. ಸಾಂತಾ ಉಡುಗೊರೆ ಕೊಡುವ ಒಳ್ಳೆಯ ಮಕ್ಕಳ ಪಟ್ಟಿ ನನ್ನದು, ಹೊಡೆದುಹಾಕುವುದು ನನ್ನದು, ಕೊನೆಯ "ನನಗೇನು" ಕೂಡ ನನ್ನದೇ, ರಾಗ ಸಮೇತ. ಡಿಸೆಂಬರ್ ಶುರುವಾದಾಗಿನಿಂದ ಹಲ್ಲುಜ್ಜಲು, ಹಾಲು ಕುಡಿಯಲು, ಚಪ್ಪಲಿ ಹಾಕಿಕೊಳ್ಳಲು ಎಲ್ಲಕ್ಕೂ ಅದನ್ನೇ ಬಳಸಿದ್ದೇನೆ. ಕೆಲಸ ಬೇಗ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಕೇಳಬೇಕಾದದ್ದು ಇಷ್ಟೇ. ಸಾಂತಾನನ್ನು ಉಳಿಸಿಕೊಂಡು ಪಟ್ಟಿಯನ್ನು ಮಾತ್ರ ವಾಪಸು ಪಡೆಯುವುದು ಹೇಗೆ? ಹಬ್ಬಕ್ಕೆ ಇನ್ನು ಹದಿನೇಳು ದಿನ.

ನೇರ ಮಾತು · ಡಿಸೆಂಬರ್ 8, ರಾತ್ರಿ 11:15

ಇಲ್ಲದ ಮುದುಕನನ್ನು ಇದ್ದಾನೆ ಎಂದು ನಂಬಿಸಿದ್ದೇ ಮೊದಲ ತಪ್ಪು. ಅಡಿಪಾಯ ಸುಳ್ಳಾದ ಮೇಲೆ ಒಂದು ಕಿಟಕಿಯನ್ನು ಮಾತ್ರ ನಿಜ ಮಾಡಲು ಹೊರಟಿದ್ದೀರಿ. ನಮ್ಮ ಮನೆಯಲ್ಲಿ ಮೊದಲಿನಿಂದಲೂ "ಇದು ಕಥೆ, ಉಡುಗೊರೆ ಅಪ್ಪ ಅಮ್ಮ ತರುವುದು" ಎಂದೇ ಹೇಳಿದ್ದೇವೆ. ಮಕ್ಕಳ ಖುಷಿಗೆ ಒಂದು ಗುಂಜಿಯಷ್ಟೂ ಕೊರತೆಯಾಗಿಲ್ಲ.

ಅವಳಿಗಳ ಅಪ್ಪ · ಡಿಸೆಂಬರ್ 8, ರಾತ್ರಿ 11:32

ನೇರ ಮಾತು ಅವರೇ, ಅದು ನಿಮ್ಮ ಮನೆ. ಇಲ್ಲಿ ಮನೆ ಕಟ್ಟಿ ಏಳು ವರ್ಷವಾಗಿದೆ, ಅಡಿಪಾಯ ಅಗೆಯಲು ಹೇಳಿದರೆ ಹೇಗೆ?

ತಾಯಿಯವರೇ, ನನಗೂ ಇಬ್ಬರು ಗಂಡುಹುಡುಗರು, ಐದು ವರ್ಷದ ಅವಳಿಗಳು. ನನ್ನ ಅನುಭವದಲ್ಲಿ ಬೆದರಿಕೆಗೆ ಆಯುಷ್ಯ ಕಡಿಮೆ. ಹೋದ ವರ್ಷ ನಾನೂ ಹೀಗೆಯೇ ಗದರಿಸಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಇಬ್ಬರಿಗೂ ಉಡುಗೊರೆ ಬಂದೇ ಇತ್ತು. ಒಬ್ಬ ಇನ್ನೊಬ್ಬನಿಗೆ ಹೇಳಿದ: "ನಾವು ಕಚ್ಚಿದ್ದು ಅವರಿಗೆ ಗೊತ್ತೇ ಆಗಿಲ್ಲ." ಅಂದಿನಿಂದ ಈ ಮನೆಯಲ್ಲಿ ಸಾಂತಾ ಎಂದರೆ ಸ್ವಲ್ಪ ಕಣ್ಣು ಮಂದವಾದ ದೊಡ್ಡ ಮನುಷ್ಯ.

ಮಕ್ಕಳ ವಾರ್ಡಿನ ದಾದಿ · ಡಿಸೆಂಬರ್ 9, ಬೆಳಗ್ಗೆ 6:20

ರಾತ್ರಿಪಾಳಿ ಮುಗಿಸಿ ಓದುತ್ತಿದ್ದೇನೆ. ನೀವು ಕೇಳಿದ್ದು ಬೇರೆ, ಕ್ಷಮಿಸಿ, ಆದರೆ ನಕ್ಷತ್ರದ ರಿಮೋಟ್ ಎಂದು ಓದಿದ ಮೇಲೆ ಸುಮ್ಮನಿರಲಾರೆ. ಅದರೊಳಗೆ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇದೆಯೇ ನೋಡಿ. ಹಾಡುವ ಶುಭಾಶಯ ಪತ್ರ, ಮಿಣುಕು ಮೇಣದಬತ್ತಿ, ಮಾತನಾಡುವ ಗೊಂಬೆ ಎಲ್ಲದರಲ್ಲೂ ಇರಬಹುದು. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾಗಿ ಸುಡಬಲ್ಲದು. ಉಸಿರು ಕಟ್ಟದಿರಬಹುದು, ಜೊಲ್ಲು ಸುರಿಯುವುದು, ಊಟ ಬೇಡ ಎನ್ನುವುದು ಇಷ್ಟೇ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಅನುಮಾನ ಬಂದರೆ ಕಾಯಬೇಡಿ, ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬ್ಯಾಟರಿಯ ಮುಚ್ಚಳ ಸ್ಕ್ರೂ ಇಲ್ಲದೆ ತೆರೆಯುವಂತಿದ್ದರೆ ಆ ರಿಮೋಟ್ ಮಕ್ಕಳ ಕೈಗೆ ಬೇಡ. ಪುಟ್ಟ ಆಯಸ್ಕಾಂತಗಳೂ ಅಷ್ಟೇ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಹಿಡಿದು ಒಂದನ್ನೊಂದು ಎಳೆಯುತ್ತವೆ.

ಕತ್ತೆ ಎಷ್ಟು ದೊಡ್ಡದಿತ್ತು?

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 9, ಬೆಳಗ್ಗೆ 7:05

ನನ್ನ ಅಂಗೈಯಷ್ಟಿತ್ತು, ನುಂಗುವಂಥದ್ದಲ್ಲ. ಆದರೆ ರಿಮೋಟ್‌ನ ಮುಚ್ಚಳ ಉಗುರಿನಲ್ಲೇ ತೆರೆಯಿತು. ಬ್ಯಾಟರಿ ತೆಗೆದು ಎತ್ತಿಟ್ಟೆ. ಕೈ ಸ್ವಲ್ಪ ನಡುಗಿತು. ನಕ್ಷತ್ರವನ್ನು ಇನ್ನು ಗೋಡೆಯ ಸ್ವಿಚ್ಚಿನಲ್ಲೇ ಹಾಕುವುದು. ಒಂದು ಜಗಳವೂ ಕಡಿಮೆಯಾಯಿತು, ನಿಮಗೆ ಪುಣ್ಯ ಬರಲಿ.

ಹಳೆಯ ಮೇಷ್ಟ್ರು · ಡಿಸೆಂಬರ್ 9, ಮಧ್ಯಾಹ್ನ 2:10

ಪಟ್ಟಿಯ ಪ್ರಶ್ನೆಗೆ ಬರೋಣ. ಮೂಲ ಕಥೆಗೇ ಹೋದರೆ ನಿಮಗೆ ದಾರಿ ಸಿಗುತ್ತದೆ ಎನ್ನಿಸುತ್ತದೆ. ಸಾಂತಾನ ಬೇರು ಸಂತ ನಿಕೊಲಾಸರಲ್ಲಿದೆ. ಈಗಿನ ತುರ್ಕಿಯಲ್ಲಿದ್ದ ಮೈರಾ ಎಂಬಲ್ಲಿ ನಾಲ್ಕನೆಯ ಶತಮಾನದಲ್ಲಿ ಬಿಷಪ್ ಆಗಿದ್ದವರು, ಅವರ ಹಬ್ಬ ಮೊನ್ನೆ ಡಿಸೆಂಬರ್ 6ಕ್ಕೆ ಕಳೆಯಿತು. ಅವರ ಬಗ್ಗೆ ಹೇಳುವ ಕಥೆ ಹೀಗಿದೆ: ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ಮದುವೆಗೆ ಕೊಡಲು ಏನೂ ಇಲ್ಲ. ನಿಕೊಲಾಸರು ರಾತ್ರಿ ಯಾರಿಗೂ ಕಾಣದಂತೆ ಬಂದು ಚಿನ್ನದ ಗಂಟನ್ನು ಮನೆಯೊಳಗೆ ಎಸೆದು ಹೋದರು. ಆ ಹುಡುಗಿಯರು ಒಳ್ಳೆಯವರೇ, ಹಾಲು ಕುಡಿದರೇ, ಅತ್ತರೇ ಎಂದು ಅವರು ವಿಚಾರಿಸಲಿಲ್ಲ.

ಆದ್ದರಿಂದ ಇಬ್ಬರನ್ನೂ ಕೂರಿಸಿಕೊಂಡು ಈ ಕಥೆ ಹೇಳಿ. "ಅಮ್ಮ ಪಟ್ಟಿಯ ವಿಷಯ ತಪ್ಪಾಗಿ ಹೇಳಿದ್ದೆ" ಎನ್ನಿ. ಮೂವತ್ತು ವರ್ಷ ಪಾಠ ಮಾಡಿದವನ ಅನುಭವ ಇದು: ದೊಡ್ಡವರು ತಪ್ಪು ಒಪ್ಪಿಕೊಂಡರೆ ಮಕ್ಕಳು ಅದನ್ನು ಎಂದೂ ಮರೆಯುವುದಿಲ್ಲ, ಮುಂದೆ ಬೇಕಾದಾಗಲೆಲ್ಲ ನಮ್ಮ ಮುಖಕ್ಕೇ ಹಿಡಿಯುತ್ತಾರೆ. ಆದರೂ ಒಪ್ಪಿಕೊಳ್ಳಬೇಕು.

ಸುಮ್ಮನೆ ಓದುವವಳು · ಡಿಸೆಂಬರ್ 9, ಮಧ್ಯಾಹ್ನ 3:40

ಮೇಷ್ಟ್ರೇ, ಬೆದರಿಕೆ ಹೊಸದೇನಲ್ಲ. ಆಲ್ಪ್ಸ್ ಬೆಟ್ಟಸೀಮೆಯಲ್ಲಿ ನಿಕೊಲಾಸರ ಜೊತೆಗೆ ಕೊಂಬು, ಸರಪಳಿ, ಬರಲು ಹಿಡಿದ ಕ್ರಾಂಪುಸ್ ಎಂಬವನು ಡಿಸೆಂಬರ್ 5ರ ರಾತ್ರಿ ಬರುತ್ತಾನೆ. ತುಂಟರನ್ನು ನೋಡಿಕೊಳ್ಳುವ ಕೆಲಸ ಅವನದು. ಅಂದರೆ ಅಲ್ಲಿಯೂ ಹೆದರಿಸುವುದನ್ನು ಸಂತರ ಕೈಯಿಂದ ಮಾಡಿಸಲಿಲ್ಲ, ಅದಕ್ಕೆ ಬೇರೆ ಆಳನ್ನೇ ಇಟ್ಟರು. ನಾವು ಉಳಿತಾಯಕ್ಕೆ ಎರಡನ್ನೂ ಒಬ್ಬನ ತಲೆಗೇ ಕಟ್ಟಿದ್ದೇವೆ.

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 11, ರಾತ್ರಿ 9:55

ಮೇಷ್ಟ್ರ ಕಥೆ ಹೇಳಿದೆ. ಚಿಕ್ಕವನಿಗೆ ಚಿನ್ನದ ಗಂಟು ಯಾರ ತಲೆಗೂ ಬೀಳಲಿಲ್ಲವೇ ಎಂಬ ಚಿಂತೆ. ದೊಡ್ಡವನು ಕೇಳಿ ಏನೂ ಹೇಳಲಿಲ್ಲ, ಎದ್ದು ಹೋದ. ಪಟ್ಟಿ ಇಲ್ಲ ಎಂದರೆ ಅವನ ಅಧಿಕಾರವೂ ಇಲ್ಲ, ಅದಕ್ಕಿರಬಹುದು.

ಈ ನಡುವೆ ಇನ್ನೊಂದು. ಬೆಳಗ್ಗೆ ಐದಕ್ಕೆ ಚಿಕ್ಕವನು ನನ್ನ ರೆಪ್ಪೆ ಎತ್ತಿ "ಇವತ್ತೇನಾ?" ಎಂದು ಕೇಳುತ್ತಾನೆ. ದಿನವೂ. ಗಂಡ ಮಗುಚಿ ಮಲಗಿ "ಅಲ್ಲ" ಎನ್ನುತ್ತಾರೆ. ಅಷ್ಟೇ ಅವರ ಪಾಲಿನ ಕೆಲಸ.

ಹಳೆಯ ಮೇಷ್ಟ್ರು · ಡಿಸೆಂಬರ್ 12, ಬೆಳಗ್ಗೆ 9:30

ನಿಮ್ಮ ಚಿಕ್ಕವನ ಪ್ರಶ್ನೆಯಿಂದಲೇ ಒಂದು ಆಚರಣೆ ಹುಟ್ಟಿದೆ! ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಯೊಹಾನ್ ಹಿನ್‌ರಿಖ್ ವಿಖರ್ನ್ ಅವರನ್ನು ಮಕ್ಕಳು ಹೀಗೆಯೇ ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿಗಳನ್ನು ಸಿಕ್ಕಿಸಿದರು. ವಾರದ ದಿನಗಳಿಗೆ ಚಿಕ್ಕವು, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಿಗೆ ನಾಲ್ಕು ದೊಡ್ಡವು. ದಿನಕ್ಕೊಂದು ಹೊತ್ತಿಸಿ ಎಣಿಸುವುದು. ಈಗ ಕಾಣುವ ನಾಲ್ಕು ಬತ್ತಿಯ ಹಸಿರು ಮಾಲೆ ಅದರಿಂದಲೇ ಬಂದದ್ದು. ನಿಮ್ಮ ಮನೆಯಲ್ಲಿ ಬೆಂಕಿ ಬೇಡ. ಕಾಗದದ ಬಳೆಗಳ ಸರಪಳಿ ಮಾಡಿ, ರಾತ್ರಿ ಮಲಗುವ ಮುನ್ನ ಒಂದು ಬಳೆ ಹರಿಯಲಿ. ನಾಲ್ಕು ತುಂಬದ ಮಗುವಿಗೆ "ಹದಿಮೂರು ದಿನ" ಎಂದರೆ ಬರಿಯ ಶಬ್ದ. ಸರಪಳಿ ಗಿಡ್ಡವಾಗುವುದು ಕಣ್ಣಿಗೆ ಕಾಣುತ್ತದೆ.

ಅವಳಿಗಳ ಅಪ್ಪ · ಡಿಸೆಂಬರ್ 12, ಮಧ್ಯಾಹ್ನ 1:05

ಉಡುಗೊರೆಯ ಲೆಕ್ಕ ಹೇಗೆ ಮಾಡುತ್ತೀರಿ, ಯಾರಾದರೂ ಹೇಳಿ. ನನ್ನ ಅವಳಿಗಳಿಗೆ ಒಂದೇ ಬಣ್ಣದ ಒಂದೇ ಕಾರು ಎರಡು ತಂದರೂ "ಅವನದು ಹೆಚ್ಚು ಹೊಳೆಯುತ್ತದೆ" ಎನ್ನುತ್ತಾರೆ. ಅಜ್ಜ ಅಜ್ಜಿ, ಅತ್ತೆ ಮಾವ ಎಲ್ಲರೂ ತಂದದ್ದು ಸೇರಿ ಹೋದ ವರ್ಷ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರನೇ ದಿನ ಅವರು ಆಡಿದ್ದು ರಟ್ಟಿನ ಪೆಟ್ಟಿಗೆಯ ಜೊತೆ.

ಸುಮ್ಮನೆ ಓದುವವಳು · ಡಿಸೆಂಬರ್ 12, ಸಂಜೆ 4:20

ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಬಗೆಯಾಗಿ ಆಡಿದರು. ಅವರೆಲ್ಲ ಒಂದೂವರೆಯಿಂದ ಎರಡೂವರೆ ವರ್ಷದವರು, ಏಳು ವರ್ಷದವನಿಗೆ ಇದನ್ನೇ ಹೊಂದಿಸಬೇಡಿ. ನಾನು ಮಾಡುವುದು ಇಷ್ಟು: ಬಂದದ್ದರಲ್ಲಿ ಅರ್ಧವನ್ನು ತೆರೆಯದೆ ಕಪಾಟಿನ ಮೇಲಿಡುತ್ತೇನೆ, ಮಳೆಗಾಲದ ಒಂದು ರಜಾದಿನ ಇಳಿಸುತ್ತೇನೆ.

ಮೊಮ್ಮಕ್ಕಳ ಅಜ್ಜಿ · ಡಿಸೆಂಬರ್ 12, ಸಂಜೆ 6:00

ಏಳು ವರ್ಷದವನು ಎಣಿಸುತ್ತಾನೆ, ಮೂರು ವರ್ಷದವನು ಗಾತ್ರ ನೋಡುತ್ತಾನೆ. ಬೆಲೆ ನೋಡುವವರು ನೀವು ಮಾತ್ರ. ದೊಡ್ಡವನಿಗೂ ಚಿಕ್ಕವನಿಗೂ ಎಣಿಕೆ ಸಮ ಇರಲಿ, ಚಿಕ್ಕವನದು ದೊಡ್ಡ ಪೆಟ್ಟಿಗೆಯಲ್ಲಿರಲಿ. ಮುಗಿಯಿತು.

ಕತ್ತೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ತಾಯಿ, ಅದಕ್ಕಾಗಿ ಮನೆ ಜಾಲಾಡಬೇಡ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಗೋದಲಿ ಇದೆ, ಕುರುಬರಿದ್ದಾರೆ, ಕತ್ತೆಯೂ ಇಲ್ಲ ಎತ್ತೂ ಇಲ್ಲ. ಅಸ್ಸೀಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಇಟಲಿಯ ಊರಿನಲ್ಲಿ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆ ತಂದು ನಿಲ್ಲಿಸಿ ಹಬ್ಬ ಮಾಡಿದರು. ನಾವೆಲ್ಲ ಗೋದಲಿ ಕಟ್ಟುವುದಕ್ಕೆ ಅದು ಮಾದರಿಯಾಯಿತು. ನಕ್ಷತ್ರ ನೋಡಿ ಮಗು ಯೇಸುವನ್ನು ಕಾಣಲು ಬಂದ ಜೋಯಿಸರು ಮೂವರು ಎಂದು ಮತ್ತಾಯನೂ ತನ್ನ ಸುವಾರ್ತೆಯಲ್ಲಿ ಬರೆದಿಲ್ಲ. ಕಾಣಿಕೆ ಮೂರು, ಚಿನ್ನ ಧೂಪ ರಕ್ತಬೋಳ, ಅದರಿಂದ ನಾವೇ ಮೂವರನ್ನು ಎಣಿಸಿಕೊಂಡೆವು. ಅವರು ಬಂದದ್ದು "ಮನೆಗೆ" ಎಂದಿದೆ. ಹಾಗಾಗಿ ನಾನು ಜೋಯಿಸರನ್ನು ಗೋದಲಿಯಲ್ಲಿ ಇಡುವುದೇ ಇಲ್ಲ. ಮನೆಯ ಇನ್ನೊಂದು ತುದಿಯಲ್ಲಿಟ್ಟು ಮೊಮ್ಮಕ್ಕಳಿಂದ ದಿನಕ್ಕೊಂದು ಗೇಣು ಮುಂದೆ ಸರಿಸುತ್ತೇನೆ. ಅವರ ಹಬ್ಬವಾದ ಜನವರಿ 6ಕ್ಕೆ ಗೋದಲಿ ತಲುಪಬೇಕು. ಹಬ್ಬ ಮುಗಿದ ಮೇಲೆ ಮಕ್ಕಳಿಗೆ ಬರುವ ಬೇಸರಕ್ಕೆ ಇದೊಂದು ಔಷಧ.

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 15, ರಾತ್ರಿ 11:40

ಕತ್ತೆ ಸಿಕ್ಕಿತು.

ಹಾಸಿಗೆಯ ಹೊದಿಕೆ ಬದಲಿಸುವಾಗ ಚಿಕ್ಕವನ ಮಂಚದ ಹಿಂದೆ, ಗೋಡೆಯ ಸಂದಿಯಲ್ಲಿ ಒಂದು ದಿಂಬಿನ ಚೀಲ. ಒಳಗೆ ಕತ್ತೆ, ಮೂರು ಚಕ್ರದ ಕೆಂಪು ಕಾರು, ಮೊಲದ ಗೊಂಬೆ, ಅವನದೇ ಒಂದು ಚಪ್ಪಲಿ, ಅರ್ಧ ಬಿಸ್ಕತ್ತು. ಇದೇಕೆ ಇಲ್ಲಿದೆ ಎಂದು ಕೇಳಿದೆ. ಬಾಗಿಲ ಕಡೆ ನೋಡಿ, ಪಿಸುಮಾತಿನಲ್ಲಿ, "ಸಾಂತಾ ತಾತನಿಗೆ ಸಿಗಬಾರದು" ಎಂದ.

ಗೋದಲಿ ಕಟ್ಟಿದ ದಿನದಿಂದಲೇ ಬಚ್ಚಿಡುತ್ತಿದ್ದಾನೆ. ಅಂದರೆ ನಾನು ಕೇಳಿಸಿಕೊಂಡದ್ದು ಮೊದಲನೆಯ ಸಲ ಅಲ್ಲ. ಕತ್ತೆ ಅವನದಲ್ಲ, ಎಲ್ಲರದು. ಆದರೂ ಮೊದಲು ಅದನ್ನೇ ಉಳಿಸಿದ್ದಾನೆ.

ನೀವೆಲ್ಲ ಹಬ್ಬ, ಉಡುಗೊರೆ, ಇತಿಹಾಸ ಎಂದು ಬರೆಯುತ್ತಿದ್ದಿರಿ, ನಾನೂ ನಗುತ್ತ ಓದುತ್ತಿದ್ದೆ. ಎರಡು ವಾರದಿಂದ ಈ ಮಗು ಕಳ್ಳ ಬರುತ್ತಾನೆ ಎಂದು ಕಾಯುತ್ತ ಮಲಗಿದೆ. ಬೆಳಗ್ಗೆ ಐದಕ್ಕೆ "ಇವತ್ತೇನಾ" ಎಂದು ಕೇಳಿದ್ದು ಸಂಭ್ರಮಕ್ಕೋ ಭಯಕ್ಕೋ ಎಂದು ಈಗ ನನಗೆ ಅನುಮಾನ.

ಮಕ್ಕಳ ವಾರ್ಡಿನ ದಾದಿ · ಡಿಸೆಂಬರ್ 16, ಬೆಳಗ್ಗೆ 6:45

ಅವನಿಗೆ ಇನ್ನೊಂದು ಕಥೆ ಬೇಡ, ಬೀಗ ಕೊಡಿ. "ಈ ಮನೆಯಿಂದ ಯಾರೂ ಯಾವ ಆಟಿಕೆಯನ್ನೂ ತೆಗೆದುಕೊಂಡು ಹೋಗುವುದಿಲ್ಲ, ಅಪ್ಪ ಬಾಗಿಲು ಹಾಕುತ್ತಾರೆ" ಎನ್ನಿ, ರಾತ್ರಿ ಚಿಲಕ ಹಾಕುವಾಗ ಅವನನ್ನು ಎತ್ತಿಕೊಂಡು ಹೋಗಿ ತೋರಿಸಿ. ಮಾತಿಗಿಂತ ಚಿಲಕದ ಸದ್ದು ಕೆಲಸ ಮಾಡುತ್ತದೆ.

ನೇರ ಮಾತು · ಡಿಸೆಂಬರ್ 16, ಬೆಳಗ್ಗೆ 8:10

ಮೊದಲ ದಿನ ಸ್ವಲ್ಪ ಒರಟಾಗಿ ಬರೆದೆ. ದೊಡ್ಡವನನ್ನು ಬಯ್ಯಬೇಡಿ. ಅವನು ನಿಮ್ಮ ಮಾತನ್ನು ನಂಬಿಯೇ ಹೇಳಿದ್ದಾನೆ.

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 17, ರಾತ್ರಿ 10:20

ಬಯ್ಯಲಿಲ್ಲ. ಕತ್ತೆಯನ್ನು ಕೈಯಲ್ಲಿ ಹಿಡಿದು ದೊಡ್ಡವನ ಪಕ್ಕ ಕುಳಿತೆ. ಪಟ್ಟಿ ಇಲ್ಲ, ಬೇಗ ಕೆಲಸವಾಗಲಿ ಎಂದು ಹೇಳಿದ್ದು, ತಪ್ಪು ನನ್ನದು ಎಂದೆ. ಚಿಕ್ಕವನ ದಿಂಬಿನ ಚೀಲದ ವಿಷಯವನ್ನೂ ಹೇಳಿದೆ. ಅವನು ಬಹಳ ಹೊತ್ತು ಕತ್ತೆಯ ಕಿವಿ ಸವರುತ್ತಿದ್ದ. ಆಮೇಲೆ ಕೇಳಿದ: "ಪಟ್ಟಿ ಸುಳ್ಳಾದರೆ ಉಳಿದದ್ದು?"

ಬಾಯಿ ಒಣಗಿತು. ಅಷ್ಟರಲ್ಲಿ ಅವನೇ ಕೈ ಅಡ್ಡ ಹಿಡಿದು, "ಈಗ ಹೇಳಬೇಡ. ಹಬ್ಬ ಮುಗಿದ ಮೇಲೆ ಹೇಳು" ಎಂದ.

ಗಂಡ ಎರಡು ರಾತ್ರಿಯಿಂದ ಚಿಕ್ಕವನನ್ನು ಎತ್ತಿಕೊಂಡು ಚಿಲಕ ಹಾಕುತ್ತಿದ್ದಾರೆ. ಕತ್ತೆ ಗೋದಲಿಗೆ ಮರಳಿದೆ. ಮೊಲವನ್ನು ಇನ್ನೂ ಸಂದಿಯಲ್ಲೇ ಇಟ್ಟಿದ್ದಾನೆ. ಇರಲಿ, ಒಂದೇ ಸಲಕ್ಕೆ ಎಲ್ಲ ನಂಬಿಕೆ ಬರುವುದಿಲ್ಲ.

ಹಬ್ಬ ಮುಗಿದ ಮೇಲೆ ಅವನು ಕೇಳಿದರೆ ಏನು ಹೇಳಲಿ?

ಸುಮ್ಮನೆ ಓದುವವಳು · ಡಿಸೆಂಬರ್ 18, ಬೆಳಗ್ಗೆ 11:00

1897ರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಇದೇ ಪ್ರಶ್ನೆಯನ್ನು ನ್ಯೂಯಾರ್ಕಿನ ದಿ ಸನ್ ಪತ್ರಿಕೆಗೆ ಬರೆದು ಕೇಳಿದ್ದಳು. ಸಂಪಾದಕೀಯದಲ್ಲೇ ಉತ್ತರ ಬಂತು, ಪ್ರೀತಿ ಔದಾರ್ಯ ಇರುವಂತೆ ಸಾಂತಾನೂ ಇದ್ದಾನೆ ಎಂಬ ಅರ್ಥದಲ್ಲಿ. ಅದನ್ನು ಓದಿ ಹೇಳಬಹುದಲ್ಲ?

ಅವಳಿಗಳ ಅಪ್ಪ · ಡಿಸೆಂಬರ್ 18, ಮಧ್ಯಾಹ್ನ 12:15

ಪತ್ರಿಕೆಯವರಿಗೆ ಸುಲಭ, ಆ ಹುಡುಗಿ ಎದುರಿಗೆ ಕುಳಿತಿರಲಿಲ್ಲ. ಏಳು ವರ್ಷದವನು ಕಣ್ಣಲ್ಲಿ ಕಣ್ಣಿಟ್ಟು ಕೇಳಿದಾಗ "ಪ್ರೀತಿ, ಔದಾರ್ಯ" ಎಂದರೆ, ಸೈಕಲ್ ತಂದದ್ದು ಯಾರು ಹೇಳು ಎನ್ನುತ್ತಾನೆ.

ಮೊಮ್ಮಕ್ಕಳ ಅಜ್ಜಿ · ಡಿಸೆಂಬರ್ 18, ಮಧ್ಯಾಹ್ನ 1:30

ಕೇಳಿದರೆ ನಿಜ ಹೇಳು. ಆಮೇಲೆ ಅವನಿಗೊಂದು ಕೆಲಸ ಕೊಡು, ಮುಂದಿನ ವರ್ಷ ತಮ್ಮನ ಉಡುಗೊರೆ ಅವನೇ ಆರಿಸಲಿ, ಅವನೇ ಬಚ್ಚಿಡಲಿ. ತಾನಾಗಿ ಕೇಳದಿದ್ದರೆ ನೀನಾಗಿ ಹೇಳಬೇಡ.

ಮಕ್ಕಳ ವಾರ್ಡಿನ ದಾದಿ · ಡಿಸೆಂಬರ್ 22, ಸಂಜೆ 5:50

ಹಬ್ಬದ ವಾರಕ್ಕೆ ಒಂದು ಮಾತು. ಮೂರರಿಂದ ಐದು ವರ್ಷದ ಮಗುವಿಗೆ ಹಗಲುನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ. ನಡುರಾತ್ರಿಯ ಪೂಜೆಗೆ ಕರೆದುಕೊಂಡು ಹೋಗುವುದಿದ್ದರೆ ಅಂದು ಮಧ್ಯಾಹ್ನ ಮಲಗಿಸಿ, ಮರುದಿನ ಬೆಳಗ್ಗೆ ಯಾವ ನೆಂಟರನ್ನೂ ಕರೆಯಬೇಡಿ. ಹಬ್ಬದ ದಿನದ ರಂಪಗಳಲ್ಲಿ ಹೆಚ್ಚಿನವು ಕೆಟ್ಟ ನಡತೆಯಲ್ಲ, ನಿದ್ದೆ ಸಾಲ.

ನಿದ್ದೆಗೆಟ್ಟ ತಾಯಿ · ಡಿಸೆಂಬರ್ 26, ರಾತ್ರಿ 9:10

ಹಬ್ಬವಾಯಿತು. 22ರಂದು ಚಿಕ್ಕವನು ಉಳಿದ ಮೂರು ಬಳೆಗಳನ್ನೂ ಒಟ್ಟಿಗೆ ಹರಿದು "ನಾಳೆ ಹಬ್ಬ" ಎಂದು ಘೋಷಿಸಿದ್ದ, ಅಣ್ಣ ಕುಳಿತು ಅಂಟಿಸಿಕೊಟ್ಟ. ಅಜ್ಜಿ ಹೇಳಿದ ಹಾಗೆ ಚಿಕ್ಕವನಿಗೆ ದೊಡ್ಡ ಪೆಟ್ಟಿಗೆ, ಎಣಿಕೆ ಸಮ. ಕೆಲಸ ಮಾಡಿತು. ಪೂಜೆಗೆ ಬೆಳಗ್ಗೆ ಹೋದೆವು.

24ರ ರಾತ್ರಿ ಚಿಲಕ ಹಾಕಲು ಹೋದಾಗ ಮಾತ್ರ ಕಷ್ಟವಾಯಿತು. ಬಾಗಿಲು ಭದ್ರವಾಗಿ ಹಾಕಿದರೆ ಸಾಂತಾ ಬರುವುದು ಹೇಗೆ ಎಂದು ಚಿಕ್ಕವನೇ ಕೇಳಿದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದೊಡ್ಡವನು ಹಾಸಿಗೆಯಿಂದಲೇ ಹೇಳಿದ: "ತರುವವರಿಗೆ ಬಾಗಿಲು ತೆರೆಯುತ್ತದೆ. ಒಯ್ಯುವವರಿಗೆ ತೆರೆಯುವುದಿಲ್ಲ." ಬೆಳಗ್ಗೆ ಮೊಲ ಸಂದಿಯಿಂದ ಹೊರಬಂದಿತ್ತು.

ಅವಳಿಗಳ ಅಪ್ಪ · ಡಿಸೆಂಬರ್ 27, ಬೆಳಗ್ಗೆ 10:00

ಮತ್ತೆ ದೊಡ್ಡವನು ಕೇಳಿದನೇ?

ನಿದ್ದೆಗೆಟ್ಟ ತಾಯಿ · ಜನವರಿ 4, ರಾತ್ರಿ 10:35

ಇನ್ನೂ ಇಲ್ಲ. ಮೊನ್ನೆ ನಾನೇ "ಹಬ್ಬ ಮುಗಿಯಿತಲ್ಲ" ಎಂದು ಸುಮ್ಮನೆ ಹೇಳಿ ನೋಡಿದೆ. "ಎಲ್ಲಿ ಮುಗಿಯಿತು? ಜೋಯಿಸರು ಬಂದಿಲ್ಲ" ಎಂದ. ಅಜ್ಜಿಯ ಮಾತಿನಂತೆ ಮಲಗುವ ಕೋಣೆಯಿಂದ ಹೊರಡಿಸಿದ್ದೆವು, ದಿನಕ್ಕೊಂದು ಗೇಣು ಎಂದು ಇಬ್ಬರೂ ಸರದಿಯ ಮೇಲೆ ಸರಿಸುತ್ತಿದ್ದರು. ನನ್ನ ಲೆಕ್ಕದಲ್ಲಿ ಇಂದು ಅವರು ನಡುಮನೆಯ ಮೇಜಿನ ಕಾಲಿನ ಹತ್ತಿರ ಇರಬೇಕಿತ್ತು.

ಈಗ ದೀಪ ಆರಿಸಲು ಹೋದಾಗ ನೋಡಿದೆ. ಮೂವರೂ ಮತ್ತೆ ಅಡುಗೆಮನೆಯ ಹೊಸ್ತಿಲಿನ ಆಚೆ ನಿಂತಿದ್ದಾರೆ.

ಮೊಮ್ಮಕ್ಕಳ ಅಜ್ಜಿ · ಜನವರಿ 4, ರಾತ್ರಿ 10:50

ನೀನು ನೋಡಲಿಲ್ಲ ಎಂದುಕೋ. ದೀಪ ಆರಿಸಿ ಮಲಗು.